ಕಾಗದ ನೋಡುವ ಕೌಂಟರ್ ಯಾರ ಪರ?

ಬೀದರ್, ಭಾಲ್ಕಿ, ಔರಾದ್ ಕಡೆಯಿಂದ ಸೌದಿಗೋ ದುಬೈಗೋ ದುಡಿಯಲು ಹೊರಟವರು ಸಾಮಾನ್ಯವಾಗಿ ವಿಮಾನ ಹತ್ತುವುದು ಹೈದರಾಬಾದಿನಲ್ಲಿ. ಬೀದರಿನಿಂದ 2020ರ ಫೆಬ್ರುವರಿಯಲ್ಲಿ ನಾಗರಿಕ ವಿಮಾನ ಶುರುವಾಯಿತಾದರೂ ಅದು ಹೋಗಿದ್ದು ಬೆಂಗಳೂರಿಗೆ. ಶಂಶಾಬಾದಿನ ಕೌಂಟರಿನಲ್ಲಿ ಏರ್‌ಲೈನ್ ಸಿಬ್ಬಂದಿ ಪಾಸ್‌ಪೋರ್ಟ್, ವೀಸಾ ತಿರುವಿ ನೋಡಿ ಬೋರ್ಡಿಂಗ್ ಪಾಸ್ ಕೊಟ್ಟರೆ ನಮ್ಮವರ ಅರ್ಧ ಚಿಂತೆ ಇಳಿಯುತ್ತದೆ. ಆದರೆ ಆ ತಪಾಸಣೆ ಹುಟ್ಟಿದ್ದು ಪ್ರಯಾಣಿಕರನ್ನು ಕಾಯಲು ಅಲ್ಲ.

ಅದರ ಬೇರು ಹಡಗಿನ ಕಾಲದ್ದು. ಒಳಗೆ ಬಿಡದ ವಲಸಿಗರನ್ನು ಹಡಗು ಕಂಪನಿಯೇ ತನ್ನ ಖರ್ಚಿನಲ್ಲಿ ವಾಪಸ್ ಒಯ್ಯಬೇಕೆಂದು ಅಮೆರಿಕ 1891ರಲ್ಲಿ ಕಾನೂನು ಮಾಡಿತು. 1924ರ ಕಾನೂನು ವೀಸಾ ಇಲ್ಲದ ವಲಸಿಗರನ್ನು ತಂದರೆ ತಲೆಗೆ 1000 ಡಾಲರ್ ದಂಡ ಹಾಕಿತು. ಜೊತೆಗೆ ಟಿಕೆಟ್ಟಿನಷ್ಟು ಹಣವನ್ನೂ ಕಂಪನಿಯಿಂದ ವಸೂಲಿ ಮಾಡಿ ಆ ಪ್ರಯಾಣಿಕರಿಗೇ ಕೊಡಬೇಕೆಂದಿತು.

ವಿಮಾನಗಳಿಗೆ 1944ರ ಷಿಕಾಗೊ ಒಪ್ಪಂದ ಬಂತು. ದೇಶದ ಪ್ರವೇಶ ಕಾನೂನುಗಳನ್ನು ಪ್ರಯಾಣಿಕರು ಪಾಲಿಸಬೇಕು ಎನ್ನುತ್ತದೆ ಅದರ 13ನೇ ವಿಧಿ. ಹತ್ತಿಸುವ ಮುನ್ನ ಕಾಗದಪತ್ರ ಇವೆಯೇ ಎಂದು ಕಂಪನಿ ಎಚ್ಚರ ವಹಿಸಬೇಕು ಎನ್ನುತ್ತದೆ 9ನೇ ಅನುಬಂಧ. ಎಚ್ಚರ ವಹಿಸಿದ್ದನ್ನು ತೋರಿಸಿಕೊಟ್ಟ ಕಂಪನಿಗೆ ದಂಡದಿಂದ ವಿನಾಯಿತಿಯೂ ಅದರಲ್ಲೇ ಇದೆ. ಹೊಣೆ ಇಬ್ಬರಿಗೂ ಹಂಚಿಕೆಯಾಯಿತು. ಪಾರಾಗುವ ದಾರಿ ಒಬ್ಬರಿಗೆ ಮಾತ್ರ ಸಿಕ್ಕಿತು.

ಭಾರತ 2000ದಲ್ಲಿ ಪ್ರತ್ಯೇಕ ಕಾಯ್ದೆ ತಂದು, ಸರಿಯಾದ ಕಾಗದವಿಲ್ಲದವರನ್ನು ಇಲ್ಲಿಗೆ ತರುವ ಕಂಪನಿಗೆ 1 ಲಕ್ಷ ರೂಪಾಯಿ ದಂಡ ಗೊತ್ತುಮಾಡಿತು. 2025ರ ಹೊಸ ಕಾಯ್ದೆಯಲ್ಲಿ ಅದು 5 ಲಕ್ಷದವರೆಗೆ ಏರಿದೆ. ದಂಡ ಸರ್ಕಾರಕ್ಕೆ, ಪ್ರಯಾಣಿಕರ ಟಿಕೆಟ್ ಹಣದ ಮಾತು ಅಲ್ಲಿಲ್ಲ.

ಗಲ್ಫಿಗೆ ಹೋಗುವವರಿಗೆ ಇನ್ನೊಂದು ಕೌಂಟರ್ ಇದೆ, ಇಮಿಗ್ರೇಷನ್. 1983ರ ವಲಸೆ ಕಾಯ್ದೆಯ ವ್ಯವಸ್ಥೆಯಲ್ಲಿ, ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ವರ್ಗದ್ದು. ಗಲ್ಫ್ ಸೇರಿ 18 ದೇಶಗಳಿಗೆ ಅವರು ದುಡಿಯಲು ಹೋಗಬೇಕಾದರೆ ಸರ್ಕಾರದ ಅನುಮತಿ ಬೇಕು. ಏರ್‌ಲೈನ್ ಬಿಟ್ಟವರನ್ನು ಇಲ್ಲಿ ತಡೆಯಬಹುದು.

ಹೊಲ ಅಡವಿಟ್ಟು, ಬಡ್ಡಿಗೆ ಸಾಲ ತಂದು ಟಿಕೆಟ್ ಮಾಡಿಸಿದವರು ವಾಪಸ್ ಬಂದರೆ ಸಾಲ ಮನೆಯಲ್ಲೇ ಕೂತಿರುತ್ತದೆ. ಅದಕ್ಕೇ ಪಾಸ್‌ಪೋರ್ಟ್ ಅವಧಿ, ಹೆಸರಿನ ಅಕ್ಷರ, ವೀಸಾ ಕೆಲಸದ್ದೋ ವಿಸಿಟ್‌ದೋ ಎಂಬುದನ್ನು ಏಜೆಂಟರ ಕೈಗೆ ದುಡ್ಡು ಕೊಡುವ ಮುನ್ನ ಊರಲ್ಲೇ ನೋಡಿಕೊಳ್ಳಬೇಕು. ಕಂಪನಿಯೇ ತಪ್ಪಿದ್ದರೆ ಟಿಕೆಟ್ ಹಣ ಪ್ರಯಾಣಿಕರಿಗೆ ಮರಳಲಿ ಎಂಬ ಮಾತು ನೂರು ವರ್ಷದ ಹಿಂದೆಯೇ ಕಾನೂನಿನಲ್ಲಿತ್ತು. ಅದನ್ನು ಇಂದು ನಾವು ಕೇಳಿದರೆ ಅತಿಯಾಸೆ ಆಗಲಾರದು.