ಡಾಸ್ ಆಟಗಳ ಪಾಠಾಂತರ: ಹ್ಯಾಂಡ್‌ಹೆಲ್ಡ್ ಕನ್ಸೋಲ್‌ಗಳಲ್ಲಿ ಎಮ್ಯುಲೇಶನ್

1989ರಲ್ಲಿ ಬಂದ ಗೇಮ್‌ಬಾಯ್‌ಗಾಗಿ ಬರೆದ ಆಟದ ವಿಷಯದಲ್ಲಿ ಮೂಲಯಂತ್ರ ಯಾವುದೆಂಬ ಪ್ರಶ್ನೆ ಏಳುವುದಿಲ್ಲ. ಪ್ರೊಸೆಸರಿನ ವೇಗ, 160×144 ಪಿಕ್ಸೆಲ್‌ಗಳ ಪರದೆ, ಗುಂಡಿಗಳ ಸಂಖ್ಯೆ ಎಲ್ಲವೂ ಮಾರಾಟವಾದ ಪ್ರತಿ ಯಂತ್ರದಲ್ಲೂ ಒಂದೇ. ಪಿಸಿಯ ಹಳೆಯ ಕಾರ್ಯಾಚರಣಾ ವ್ಯವಸ್ಥೆಯಾದ ಡಾಸ್‌ನ ಆಟಗಳಿಗೆ ಇಂಥ ಒಂದೇ ಒಂದು ಯಂತ್ರ ಇರಲೇ ಇಲ್ಲ. 1981ರ ಐಬಿಎಂ ಪಿಸಿಯಲ್ಲಿ ಇದ್ದದ್ದು 4.77 ಮೆಗಾಹರ್ಟ್ಸ್ ವೇಗದ 8088 ಪ್ರೊಸೆಸರ್. ಒಂದೂವರೆ ದಶಕ ಕಳೆಯುವಷ್ಟರಲ್ಲಿ ಅದೇ ಡಾಸ್ ಪೆಂಟಿಯಂ ಮೇಲೆ ಓಡುತ್ತಿತ್ತು. ಚಿತ್ರಕ್ಕೆ ಸಿಜಿಎ, ಇಜಿಎ, ವಿಜಿಎ. ಸದ್ದಿಗೆ ಪಿಸಿ ಸ್ಪೀಕರ್, ಆಡ್‌ಲಿಬ್, ಸೌಂಡ್ ಬ್ಲಾಸ್ಟರ್, ರೋಲ್ಯಾಂಡ್ ಎಂಟಿ-32. ಆಟವನ್ನು ಮೊದಲ ಸಲ ಹಾಕುವಾಗ ಯಾವ ಕಾರ್ಡ್ ಇದೆ ಎಂದು ಪ್ರೋಗ್ರಾಮೇ ಕೇಳುತ್ತಿತ್ತು. ಬೇರೆ ಬೇರೆ ಮನೆಗಳಲ್ಲಿ ಜನ ಒಂದೇ ಫೈಲನ್ನು ಓಡಿಸಿ ಬೇರೆ ಬೇರೆ ಆಟಗಳನ್ನು ಕಂಡಿದ್ದಾರೆ, ಕೇಳಿದ್ದಾರೆ.

ಆದ್ದರಿಂದ ಹಳೆಯ ಡಾಸ್ ಆಟವನ್ನು ಇವತ್ತಿನ ಹ್ಯಾಂಡ್‌ಹೆಲ್ಡ್ ಕನ್ಸೋಲಿನಲ್ಲಿ ಓಡಿಸುವವರು ಮಾಡುವ ಕೆಲಸವನ್ನು ‘ನಕಲು’ ಎಂದು ಕರೆದು ಬಿಟ್ಟುಬಿಡುವುದು ಸರಿಯಲ್ಲ ಎಂಬುದು ಈ ಲೇಖನದ ವಾದ. ಅದು ಗ್ರಂಥಸಂಪಾದನೆಗೆ ಹತ್ತಿರದ ಕೆಲಸ. ಹಲವು ಓಲೆಪ್ರತಿಗಳನ್ನು ಮುಂದಿಟ್ಟುಕೊಂಡು ಒಂದು ಪಾಠವನ್ನು ನಿರ್ಣಯಿಸುವ ಶಿಸ್ತು ಕನ್ನಡ ವಿದ್ವತ್ತಿಗೆ ಹೊಸದಲ್ಲ, ಡಿ.ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ ಎಂದು ಅದಕ್ಕೊಂದು ಪುಸ್ತಕವನ್ನೇ ಬರೆದರು. ಸಂಪಾದಕ ಯಾವ ಪಾಠವನ್ನು ಹಿಡಿದ, ಯಾವುದನ್ನು ಬಿಟ್ಟ, ಏಕೆ ಬಿಟ್ಟ ಎಂಬುದನ್ನು ಅಡಿಟಿಪ್ಪಣಿಯಲ್ಲಿ ಹೇಳಬೇಕೆಂಬುದು ಆ ಶಿಸ್ತಿನ ಮೊದಲ ನಿಯಮ. ಒಂದು ಯಂತ್ರವನ್ನು ಇನ್ನೊಂದರಲ್ಲಿ ಅನುಕರಿಸುವ ಎಮ್ಯುಲೇಶನ್ ಕ್ಷೇತ್ರದಲ್ಲಿ ಪಾಠನಿರ್ಣಯ ದಿನವೂ ನಡೆಯುತ್ತಿದೆ, ಅಡಿಟಿಪ್ಪಣಿ ಮಾತ್ರ ಕಾಣುತ್ತಿಲ್ಲ.

ಈ ಕೆಲಸದ ಮುಖ್ಯ ಸಲಕರಣೆ 2002ರಲ್ಲಿ ಮೊದಲು ಹೊರಬಂದ ಡಾಸ್‌ಬಾಕ್ಸ್. ಇದು ಪ್ರೊಸೆಸರ್, ವಿಡಿಯೋ ಕಾರ್ಡ್, ಸೌಂಡ್ ಕಾರ್ಡ್, ಟೈಮರ್ ಚಿಪ್ ಎಲ್ಲವನ್ನೂ ಸಾಫ್ಟ್‌ವೇರಿನಲ್ಲೇ ಕಟ್ಟಿಕೊಡುತ್ತದೆ. ಡಾಸ್‌ನ ಕಮಾಂಡುಗಳೂ ಅದರೊಳಗೇ ಇರುವುದರಿಂದ ಮೈಕ್ರೋಸಾಫ್ಟಿನ ಡಾಸ್ ಪ್ರತಿಯೂ ಬೇಡ, ಪಿಸಿಯ ಬಯೋಸ್ ಫೈಲೂ ಬೇಡ. ಅದರ ಸೋರ್ಸ್ ಕೋಡ್ ಮುಕ್ತವಾಗಿರುವುದರಿಂದಲೇ ಸೋನಿಯ ಪಿಎಸ್‌ಪಿಯಿಂದ ಹಿಡಿದು ಇಂದಿನ ಆನ್‌ಬರ್ನಿಕ್, ಮಿಯೂ ಯಂತ್ರಗಳವರೆಗೆ ಅದು ಹರಡಿತು. ಈಗ ಇಂಥ ಯಂತ್ರಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಹಲವು ಎಮ್ಯುಲೇಟರುಗಳನ್ನು ಒಂದೇ ಕಡೆ ಓಡಿಸುವ ರೆಟ್ರೋಆರ್ಚ್‌ನೊಳಗೆ ಕೂರುವ ಡಾಸ್‌ಬಾಕ್ಸ್ ಪ್ಯೂರ್. ಜಿಪ್ ಫೈಲನ್ನು ಬಿಚ್ಚದೆ ಹಾಗೇ ಓಡಿಸುವುದು, ಆಡುವಾಗ ಬದಲಾದ ಫೈಲುಗಳನ್ನು ಮೂಲ ಜಿಪ್ ಮುಟ್ಟದೆ ಬೇರೆ ಕಡೆ ಉಳಿಸುವುದು ಅದರ ಕ್ರಮ. ಮೂಲಪ್ರತಿಗೆ ಕೈ ಹಚ್ಚದೆ ತಿದ್ದುಪಡಿಯನ್ನು ಬೇರೆ ಹಾಳೆಯಲ್ಲಿ ಬರೆದಿಡುವ ಈ ಎಚ್ಚರ ನಿಜಕ್ಕೂ ಸಂಪಾದಕನದು.

ಪಾಠದ ಮೊದಲ ತೊಡಕು ಕಾಲದ್ದು. ಡಾಸ್‌ಬಾಕ್ಸ್ ವೇಗವನ್ನು ಅಳೆಯುವುದು ‘ಸೈಕಲ್ಸ್’ ಎಂಬ ಲೆಕ್ಕದಲ್ಲಿ. ಒಂದು ಮಿಲಿಸೆಕೆಂಡಿಗೆ ಎಷ್ಟು ಸೂಚನೆಗಳನ್ನು ನಡೆಸಬೇಕು ಎಂಬುದೇ ಈ ಅಂಕಿ. 3000 ಎಂಬುದು ಬಹುಕಾಲದಿಂದ ಅದರ ರೂಢಿಯ ಮೌಲ್ಯ. ಮೊದಲ ಐಬಿಎಂ ಪಿಸಿಯ ವೇಗ ಬೇಕಾದರೆ ಸುಮಾರು 300ಕ್ಕೆ ಇಳಿಸಬೇಕು. ಹೀಗೆ ನೋಡಿದರೆ ಎಲ್ಲ ನೇರ. ಆದರೆ ನಿಜವಾದ 8088ರಲ್ಲಿ ಒಂದು ರಿಜಿಸ್ಟರಿನಿಂದ ಇನ್ನೊಂದಕ್ಕೆ ಅಂಕಿ ಸಾಗಿಸಲು 2 ಗಡಿಯಾರ ಮಿಡಿತ ಸಾಕು, 16 ಬಿಟ್‌ನ ಗುಣಾಕಾರಕ್ಕೆ ಕಡಿಮೆಯೆಂದರೂ 118 ಬೇಕು. ಡಾಸ್‌ಬಾಕ್ಸಿನ ಲೆಕ್ಕದಲ್ಲಿ ಎರಡೂ ತಲಾ ಒಂದೇ ಸೈಕಲ್. ಅಂದರೆ ಸರಾಸರಿ ವೇಗ ಸರಿಹೋದರೂ ಒಳಗಿನ ಲಯ ಸರಿಹೋಗುವುದಿಲ್ಲ. ಗುಣಾಕಾರ ಹೆಚ್ಚಿರುವ ದೃಶ್ಯ ಮೂಲಕ್ಕಿಂತ ಬೇಗ ಸಾಗುತ್ತದೆ. 2015ರಲ್ಲಿ ರೆವಿಷನ್ ಎಂಬ ಡೆಮೊ ಸಮಾವೇಶದಲ್ಲಿ ಗೆದ್ದ ‘8088 ಎಂಪಿಎಚ್’ ಎಂಬ ಪ್ರಾತ್ಯಕ್ಷಿಕೆ ಈ ಬಿರುಕನ್ನು ಎಲ್ಲರ ಕಣ್ಣೆದುರು ಇಟ್ಟಿತು. ಅದು ಹಳೆಯ ಐಬಿಎಂ ಪಿಸಿಯ ಒಂದೊಂದು ಮಿಡಿತವನ್ನೂ ಲೆಕ್ಕ ಹಾಕಿ ಬರೆದದ್ದು. ಆಗ ಇದ್ದ ಯಾವ ಎಮ್ಯುಲೇಟರಿಗೂ ಅದನ್ನು ಸರಿಯಾಗಿ ಓಡಿಸಲು ಆಗಲಿಲ್ಲ.

ವೇಗ ಹೆಚ್ಚಾದರೆ ಏನಾಗುತ್ತದೆ ಎಂಬುದಕ್ಕೆ ಟರ್ಬೋ ಪ್ಯಾಸ್ಕಲ್‌ನಲ್ಲಿ ಬರೆದ ಪ್ರೋಗ್ರಾಮುಗಳೇ ಸಾಕ್ಷಿ. ಅದರ ಸಿಆರ್‌ಟಿ ಘಟಕ ಪ್ರೋಗ್ರಾಮ್ ಶುರುವಾದೊಡನೆ ಯಂತ್ರದ ವೇಗವನ್ನು ಅಳೆಯುತ್ತದೆ. ಪಿಸಿಯ ಟೈಮರ್ ಸೆಕೆಂಡಿಗೆ 18.2 ಸಲ ಮಿಡಿಯುತ್ತದೆ. ಒಂದು ಮಿಡಿತಕ್ಕೆ 55 ಮಿಲಿಸೆಕೆಂಡು. ಅಷ್ಟರಲ್ಲಿ ಖಾಲಿ ಲೂಪ್ ಎಷ್ಟು ಸುತ್ತು ಬಂತೆಂದು ಎಣಿಸಿ 55ರಿಂದ ಭಾಗಿಸುವುದು ಅದರ ಕ್ರಮ. ಸುಮಾರು 200 ಮೆಗಾಹರ್ಟ್ಸ್ ದಾಟಿದ ಯಂತ್ರಗಳಲ್ಲಿ ಭಾಗಲಬ್ಧ 16 ಬಿಟ್‌ಗಳಲ್ಲಿ ಹಿಡಿಸುವುದಿಲ್ಲ. ಕೂಡಲೇ ‘ರನ್‌ಟೈಮ್ ಎರರ್ 200’ ಎಂದು ಬರೆದು ಪ್ರೋಗ್ರಾಮ್ ನಿಂತುಬಿಡುತ್ತದೆ. ಎಮ್ಯುಲೇಟರಿನಲ್ಲಿ ಸೈಕಲ್ಸ್ ಅತಿಯಾಗಿ ಏರಿಸಿದರೂ ಇದೇ ಗತಿ. ಹಳೆಯದನ್ನು ಓಡಿಸಲು ಹೊಸ ಯಂತ್ರದ ಶಕ್ತಿಯನ್ನು ಕಟ್ಟಿಹಾಕಬೇಕಾಗುತ್ತದೆ.

ಹ್ಯಾಂಡ್‌ಹೆಲ್ಡ್‌ನಲ್ಲಿ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಬ್ಯಾಟರಿ ಉಳಿಸಲು ಇಂಥ ಯಂತ್ರಗಳು ಪ್ರೊಸೆಸರಿನ ವೇಗವನ್ನು ತಾವೇ ಏರಿಸುತ್ತ ಇಳಿಸುತ್ತ ಇರುತ್ತವೆ. ಸೈಕಲ್ಸ್ ಜಾಗದಲ್ಲಿ ‘ಮ್ಯಾಕ್ಸ್’ ಎಂದು ಬರೆದಿದ್ದರೆ ಆಟಕ್ಕೆ ಸಿಗುವ ಶಕ್ತಿ ಆ ಗಳಿಗೆಯ ವೇಗವನ್ನೇ ಅವಲಂಬಿಸುತ್ತದೆ. ಒಂದೇ ಆಟ, ಒಂದೇ ಸಾಧನ, ಆದರೂ ಎರಡು ಹೊತ್ತಿನಲ್ಲಿ ಎರಡು ನಡೆ. ಪರದೆಯ ಲಯವೂ ಹೊಂದುವುದಿಲ್ಲ. ವಿಜಿಎಯ 320×200 ಚಿತ್ರ ಸೆಕೆಂಡಿಗೆ 70 ಸಲ ಮೂಡುತ್ತಿತ್ತು, ಡೂಮ್ ಎಂಬ ಆಟ ಅದರ ಅರ್ಧ, ಅಂದರೆ 35 ಚೌಕಟ್ಟುಗಳಿಗೆ ತನ್ನ ಗಡಿಯಾರವನ್ನು ಕಟ್ಟಿಕೊಂಡಿತ್ತು. ಇಂದಿನ ಸಣ್ಣ ಪರದೆಗಳು ಬಹುಪಾಲು 60 ಹರ್ಟ್ಸ್‌ನವು. ಡೂಮ್‌ನ 7 ಚೌಕಟ್ಟುಗಳು ಇಲ್ಲಿ 12 ಮಿಡಿತಗಳಿಗೆ ಹಂಚಿಹೋಗಬೇಕು: ಕೆಲವು ಎರಡು ಮಿಡಿತ ನಿಲ್ಲುತ್ತವೆ, ಕೆಲವು ಒಂದೇ. ಕಾರಿಡಾರಿನಲ್ಲಿ ಮೆಲ್ಲನೆ ತಿರುಗುವಾಗ ಕಾಣುವ ಸಣ್ಣ ನಡುಕ ಇದರದು. 1993ರ ಮಾನಿಟರಿನಲ್ಲಿ ಅದು ಇರಲಿಲ್ಲ.

ಪರದೆಯ ಆಕಾರದ ಪ್ರಶ್ನೆ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ, ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾದದ್ದೂ ಅದೇ. 320×200 ಎಂಬ ಅಂಕಿ 16:10 ಅನುಪಾತವನ್ನು ಸೂಚಿಸುತ್ತದೆ, ಆದರೆ ಅಂದಿನ ಮಾನಿಟರ್ 4:3. ಇನ್ನೂರೇ ಸಾಲುಗಳು ಪೂರ್ತಿ ಎತ್ತರವನ್ನು ತುಂಬುತ್ತಿದ್ದುದರಿಂದ ಪ್ರತಿ ಪಿಕ್ಸೆಲ್ ಚೌಕವಾಗಿರದೆ ಅಗಲಕ್ಕಿಂತ ಐದನೇ ಒಂದು ಪಾಲು ಎತ್ತರವಾಗಿತ್ತು. ‘ಪ್ರಿನ್ಸ್ ಆಫ್ ಪರ್ಷಿಯಾ’ವನ್ನು ನೋಡಿ. 1989ರಲ್ಲಿ ಆಪಲ್ 2ಕ್ಕೆ, 1990ರಲ್ಲಿ ಡಾಸ್‌ಗೆ ಬಂದ ಆಟ. ಜೋರ್ಡನ್ ಮೆಕ್ನರ್ ತನ್ನ ತಮ್ಮ ಓಡುವುದನ್ನೂ ಹಾರುವುದನ್ನೂ ವಿಡಿಯೋದಲ್ಲಿ ಸೆರೆಹಿಡಿದು, ಚೌಕಟ್ಟು ಚೌಕಟ್ಟಾಗಿ ಗೀಚಿ ಆ ರಾಜಕುಮಾರನನ್ನು ಕಟ್ಟಿದ. ಅದರ ಜೀವವೆಲ್ಲ ಮನುಷ್ಯದೇಹದ ಪ್ರಮಾಣದಲ್ಲಿದೆ. ಪಿಕ್ಸೆಲ್‌ಗಳನ್ನು ಚೌಕವೆಂದು ಎಣಿಸಿ ತೋರಿಸಿದರೆ ಅವನು ಆರನೇ ಒಂದು ಪಾಲು ಗಿಡ್ಡನಾಗುತ್ತಾನೆ, ಕಾಲುಗಳು ಮೊಂಡಾಗುತ್ತವೆ, ಹಾರಿದಾಗ ಮೇಲೇರುವ ಕಮಾನು ತಗ್ಗುತ್ತದೆ.

2022ರ ಸ್ಟೀಮ್ ಡೆಕ್‌ನ ಪರದೆ 1280×800. ಇದು 320×200ರ ಸರಿಯಾಗಿ ನಾಲ್ಕು ಪಟ್ಟು. ಚಿತ್ರವನ್ನು ನಾಲ್ಕು ಪಟ್ಟು ಹಿಗ್ಗಿಸಿದರೆ ಒಂದೇ ಒಂದು ಪಿಕ್ಸೆಲ್ ಕದಡದೆ ಪರದೆ ತುಂಬುತ್ತದೆ, ಗೆರೆಗಳು ಚಾಕುವಿನಂತೆ ಹರಿತ. ಹಾಗೆ ಮಾಡಿದ ಚಿತ್ರವೇ ತಪ್ಪು ಪಾಠ. ಸರಿಯಾದ ಪಾಠ ಬೇಕಾದರೆ ಎರಡೂ ಬದಿಯಲ್ಲಿ ಕಪ್ಪು ಪಟ್ಟಿ ಬಿಟ್ಟು ಸುಮಾರು 1066 ಪಿಕ್ಸೆಲ್ ಅಗಲದಲ್ಲಿ ಕೂರಿಸಬೇಕು, ಆಗ ಅಂಚುಗಳು ತುಸು ಮಸುಕಾಗುತ್ತವೆ. ಇದಕ್ಕೆ ಎದುರಾದದ್ದು ಮಿಯೂ ಮಿನಿಯಂಥ 640×480 ಪರದೆ. ಅದರ ಅನುಪಾತ 4:3 ಆಗಿರುವುದರಿಂದ ಆಕಾರ ತಾನಾಗಿ ಸರಿ. ಆದರೆ ಅಗಲಕ್ಕೆ 2 ಪಟ್ಟು ಸಾಕಾದರೆ ಎತ್ತರಕ್ಕೆ 2.4 ಪಟ್ಟು ಬೇಕು: ಮೂಲದ 5 ಸಾಲುಗಳು 12 ಆಗಬೇಕು. ಅಂದರೆ ಮೂರು ಸಾಲುಗಳು ಇಮ್ಮಡಿ, ಎರಡು ಸಾಲುಗಳು ಮುಮ್ಮಡಿ. ರಾಜಕುಮಾರ ಹಗ್ಗದಂತೆ ನೇತಾಡುವ ಅಟ್ಟದ ಅಂಚನ್ನು ಹತ್ತಿರದಿಂದ ನೋಡಿದರೆ ಒಂದು ಕಲ್ಲಿನ ಗೆರೆ ದಪ್ಪ, ಪಕ್ಕದ್ದು ತೆಳು. ಅಗಲ ಎತ್ತರ ಎರಡೂ ಪೂರ್ಣ ಪಟ್ಟಿನಲ್ಲಿ ಕೂರುವ ಅತಿ ಚಿಕ್ಕ ಅಳತೆ 1600×1200. ಅಗ್ಗದ ಕೈಯಂತ್ರಗಳಲ್ಲಿ ಅಂಥ ಪರದೆ ಹಾಕುವವರಿಲ್ಲ. ಹೀಗಾಗಿ ಸಂಪಾದಕ ಒಂದನ್ನು ಬಿಡಲೇಬೇಕು, ಆಕಾರವನ್ನೋ ಗೆರೆಯ ಸಮತೆಯನ್ನೋ. ಪ್ರಿನ್ಸ್‌ನಂಥ ಆಟದಲ್ಲಿ ಆಕಾರವನ್ನೇ ಉಳಿಸಬೇಕೆಂಬುದು ನನ್ನ ನಿಲುವು. ಎಲ್ಲ ಆಟಕ್ಕೂ ಇದೇ ನಿಯಮ ಎನ್ನಲಾರೆ: ಕೆಲವು ಕಲಾವಿದರು ಚೌಕ ಪಿಕ್ಸೆಲ್ ಎಂದೇ ಭಾವಿಸಿ ಚಿತ್ರ ಬರೆದಿದ್ದಾರೆ, ಅಲ್ಲಿ 4:3ಕ್ಕೆ ಎಳೆದರೆ ಚಕ್ರಗಳು ಮೊಟ್ಟೆಯಾಗುತ್ತವೆ. ಪ್ರತಿ ಕೃತಿಯೊಳಗಿನ ವೃತ್ತಗಳನ್ನು ಅಳೆದು ನಿರ್ಣಯಿಸುವುದೇ ದಾರಿ.

ಸಂಪಾದಕನ ಜಾಣ್ಮೆ ಅತ್ಯಂತ ಇಕ್ಕಟ್ಟಿನಲ್ಲಿ ಬೆಳಗಿದ್ದು ನಿಂಟೆಂಡೊ ಡಿಎಸ್ ಮೇಲೆ. ಆ ಯಂತ್ರದ ಮುಖ್ಯ ಪ್ರೊಸೆಸರ್ 67 ಮೆಗಾಹರ್ಟ್ಸ್‌ನ ಎಆರ್‌ಎಂ9, ಮೆಮೊರಿ 4 ಮೆಗಾಬೈಟ್, ಪರದೆ 256×192. ಡಾಸ್‌ಬಾಕ್ಸನ್ನು ಹಾಗೇ ತಂದು ಕೂರಿಸಲು ಈ ಬಲ ಸಾಲದು. 2010ರ ಸುಮಾರಿಗೆ ಬಂದ ಡಿಎಸ್‌ಎಕ್ಸ್86 ಎಂಬ ಎಮ್ಯುಲೇಟರಿನಲ್ಲಿ ಪಿಸಿ ಪ್ರೊಸೆಸರಿನ ಅನುಕರಣೆಯನ್ನು ಎಆರ್‌ಎಂ ಅಸೆಂಬ್ಲಿ ಭಾಷೆಯಲ್ಲೇ ಬರೆಯಲಾಯಿತು. ಇಲ್ಲಿನ ಒಂದು ಸೂಕ್ಷ್ಮ ಗಮನಿಸತಕ್ಕದ್ದು. ಇಂಟೆಲ್ ಪ್ರೊಸೆಸರ್ ಪ್ರತಿ ಕೂಡು-ಕಳೆ ಆದ ಮೇಲೆ ಫಲಿತಾಂಶದ ಗುಣಗಳನ್ನು ಫ್ಲ್ಯಾಗ್‌ಗಳಲ್ಲಿ ಬರೆದಿಡುತ್ತದೆ. ಎಆರ್‌ಎಂನಲ್ಲಿ ಇಂಥ ಫ್ಲ್ಯಾಗ್‌ಗಳು ನಾಲ್ಕು. ಇಂಟೆಲ್‌ನ ಪ್ಯಾರಿಟಿ ಫ್ಲ್ಯಾಗ್, ಪೂರಕ ಕ್ಯಾರಿ ಫ್ಲ್ಯಾಗ್ ಅಲ್ಲಿಲ್ಲ. ಪ್ರತಿ ಸೂಚನೆಗೂ ಅವನ್ನು ಲೆಕ್ಕ ಹಾಕುತ್ತ ಕೂತರೆ ವೇಗ ಕುಸಿಯುತ್ತದೆ, ಬಿಟ್ಟರೆ ಎಲ್ಲೋ ಒಂದು ಆಟ ದಾರಿ ತಪ್ಪುತ್ತದೆ. ಎಮ್ಯುಲೇಟರ್ ಬರೆಯುವವರು ಸಾಮಾನ್ಯವಾಗಿ ಹಿಡಿಯುವ ದಾರಿಯೆಂದರೆ ಲೆಕ್ಕಕ್ಕೆ ಬೇಕಾದ ಅಂಕಿಗಳನ್ನು ತೆಗೆದಿಟ್ಟು, ಮುಂದಿನ ಯಾವುದೋ ಸೂಚನೆ ಆ ಫ್ಲ್ಯಾಗ್ ಕೇಳಿದಾಗ ಮಾತ್ರ ಲೆಕ್ಕ ಹಾಕುವುದು. 640 ಕಿಲೋಬೈಟಿನ ಡಾಸ್ ಜಗತ್ತು 4 ಮೆಗಾಬೈಟಿನೊಳಗೆ ಹಿಡಿಯಿತು, 386ರ ಪ್ರೊಟೆಕ್ಟೆಡ್ ಮೋಡ್ ಬೇಡುವ ಡೂಮ್‌ನಂಥವು ಹೊರಗುಳಿದವು. ಅವುಗಳಿಗೆ ತನ್ನದೇ ಎಂಐಪಿಎಸ್ ಪ್ರೊಸೆಸರ್ ಇದ್ದ ಡಿಎಸ್‌ಟೂ ಕಾರ್ಡ್ ಬೇಕಾಯಿತು. ಅಗಲದಲ್ಲಿ ಪ್ರತಿ 5 ಪಿಕ್ಸೆಲ್‌ಗಳಿಗೆ 4 ಮಾತ್ರ ಜಾಗ. 80 ಅಕ್ಷರಗಳ ಪಠ್ಯಪರದೆಯಲ್ಲಂತೂ ಒಂದು ಅಕ್ಷರದ ಪಾಲಿಗೆ ಬರುವುದು ಮೂರೇ ಪಿಕ್ಸೆಲ್.

ಕೀಬೋರ್ಡಿನ ವಿಷಯಕ್ಕೆ ಬಂದರೆ, ಅಂದಿನ ಪಿಸಿಯಲ್ಲಿ 83 ಅಥವಾ 101 ಕೀಗಳು, ಕೈಯಂತ್ರದಲ್ಲಿ ಹನ್ನೆರಡರ ಆಸುಪಾಸು ಗುಂಡಿಗಳು. ತೊಂಬತ್ತರ ದಶಕದಲ್ಲಿ ಕರ್ನಾಟಕದ ಶಾಲಾ ಲ್ಯಾಬುಗಳಲ್ಲೂ ಕಂಪ್ಯೂಟರ್ ತರಗತಿಗಳಲ್ಲೂ ಮಕ್ಕಳು ಮುಗಿಬಿದ್ದು ಆಡಿದ ‘ಡೇಂಜರಸ್ ಡೇವ್’ಗೆ ಇದು ತೊಂದರೆಯೇ ಅಲ್ಲ: ಬಾಣದ ಕೀಗಳು, ಗುಂಡು ಹಾರಿಸಲು ಕಂಟ್ರೋಲ್, ಜೆಟ್‌ಪ್ಯಾಕಿಗೆ ಆಲ್ಟ್, ಅಷ್ಟೇ. ಪ್ರಿನ್ಸ್ ಹಾಗಲ್ಲ. ಓಡುತ್ತ ಹಾರಲು ಕೀಬೋರ್ಡಿನಲ್ಲಿ ಒಂದು ಬೆರಳು ಬಲಬಾಣವನ್ನು ಒತ್ತಿಹಿಡಿದಿರುತ್ತದೆ, ಇನ್ನೊಂದು ಬೆರಳು ಸರಿಯಾದ ಗಳಿಗೆಯಲ್ಲಿ ಮೇಲ್ಬಾಣವನ್ನು ತಟ್ಟುತ್ತದೆ. ಕೈಯಂತ್ರದ ದಿಕ್ಕುಗುಂಡಿಯಲ್ಲಿ ಆ ಎರಡು ಕೆಲಸವೂ ಒಂದೇ ಹೆಬ್ಬೆರಳಿಗೆ. ಬಲಕ್ಕೆ ಒತ್ತಿದ ಬೆರಳನ್ನು ಎತ್ತದೆ ಮೂಲೆಗೆ ಉರುಳಿಸಬೇಕು. ತುಸು ಜಾಸ್ತಿ ಉರುಳಿದರೆ ಬಲದ ಒತ್ತು ಬಿಟ್ಟುಹೋಗಿ ರಾಜಕುಮಾರ ಹಳ್ಳದ ಅಂಚಿನಲ್ಲಿ ನಿಂತುಬಿಡುತ್ತಾನೆ. ಮೇಲ್ಬಾಣವನ್ನು ಬಲಗೈಯ ಗುಂಡಿಯೊಂದಕ್ಕೆ ಕೊಟ್ಟರೆ ಎರಡು ಬೆರಳುಗಳ ಹಳೆಯ ಸಂವಾದ ಮರಳುತ್ತದೆ. ಸುಲಭವಾದ ಈ ಪರಿಹಾರವನ್ನು ಸಿದ್ಧ ಹೊಂದಾಣಿಕೆಗಳು ಬಹಳ ಸಲ ಮರೆತಿರುತ್ತವೆ.

ಆಟದ ಅರ್ಥವನ್ನೇ ಬದಲಿಸುವುದು ಸೇವ್ ಸ್ಟೇಟ್. ಪ್ರಿನ್ಸ್‌ನಲ್ಲಿ ರಾಜಕುಮಾರಿಯನ್ನು ತಲುಪಲು ಇರುವ ಕಾಲ 60 ನಿಮಿಷ. ಮೂಲದಲ್ಲಿ ಕಂಟ್ರೋಲ್-ಜಿ ಒತ್ತಿ ಆಟ ಉಳಿಸಬಹುದಿತ್ತು, ಅದೂ ಮೂರನೇ ಹಂತ ಮುಟ್ಟಿದ ಮೇಲೆ, ಹಂತದ ಆರಂಭಕ್ಕೆ ಮರಳುವಂತೆ. ಕಳೆದ ನಿಮಿಷ ಮರಳಿ ಬರುತ್ತಿರಲಿಲ್ಲ. ಎಮ್ಯುಲೇಟರಿನಲ್ಲಿ ಪ್ರತಿ ಹಾರಿಕೆಗೂ ಮುನ್ನ ಯಂತ್ರದ ಸ್ಥಿತಿಯನ್ನೇ ಹಿಡಿದಿಟ್ಟು, ಬಿದ್ದರೆ ಹಿಂದಕ್ಕೆ ಹೋಗಬಹುದು. ಬಸ್ಸಿನಲ್ಲಿ ಹತ್ತು ನಿಮಿಷ ಸಿಕ್ಕವರಿಗೆ ಇದು ದೊಡ್ಡ ಉಪಕಾರ, ಅದನ್ನು ನಿಂದಿಸಲಾರೆ. ಆದರೂ ಹೀಗೆ ಮುಗಿಸಿದ್ದು ಬೇರೆ ಪಾಠ. ಮುದ್ರಿತ ಕೈಪಿಡಿಯೂ ಕೃತಿಯ ಭಾಗವೆಂಬುದನ್ನು ಇದೇ ಆಟ ನೆನಪಿಸುತ್ತದೆ: ಮೊದಲ ಹಂತ ಮುಗಿದ ಮೇಲೆ ಕೈಪಿಡಿಯ ಇಂಥ ಪುಟದ ಇಂಥ ಪದದ ಮೊದಲಕ್ಷರ ಯಾವುದೆಂದು ನೋಡಿ ಸರಿಯಾದ ಔಷಧಿಯನ್ನು ಕುಡಿಯಬೇಕು. ಕೈಪಿಡಿ ಕಳೆದ ಪ್ರತಿ ಅರ್ಧ ಪ್ರತಿ.

ಕಾನೂನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಮ್ಯುಲೇಟರ್ ಬರೆಯುವುದು ಬೇರೆ, ಆಟದ ಪ್ರತಿ ಹಂಚುವುದು ಬೇರೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ನ್ಯಾಯವಾಗಿ ಪಡೆದ ಪ್ರೋಗ್ರಾಮಿನ ರಕ್ಷಣಾ ಪ್ರತಿ ಮಾಡಿಕೊಳ್ಳಲು ಅವಕಾಶ ಕೊಟ್ಟಿದೆ. ಕೊಳ್ಳೋಣವೆಂದರೆ ಸಿಗಬೇಕಲ್ಲ: ಅಮೆರಿಕದಲ್ಲಿ 2010ಕ್ಕೆ ಮುಂಚೆ ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಮಾರುಕಟ್ಟೆಯಲ್ಲೇ ಇಲ್ಲವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ತೋರಿಸಿತು.

ಹಂಚುವವರಿಂದ ಕೇಳಬೇಕಾದ ಅಡಿಟಿಪ್ಪಣಿ ದೊಡ್ಡದೇನಲ್ಲ. ಆಟದ ಆವೃತ್ತಿ, ಆಯ್ದ ಚಿತ್ರ ಮತ್ತು ಸೌಂಡ್ ಕಾರ್ಡ್, ಸೈಕಲ್ಸ್ ಅಂಕಿ, ಪರದೆಯ ಅನುಪಾತ, ಗುಂಡಿಗಳ ಹೊಂದಾಣಿಕೆ, ಇಷ್ಟನ್ನು ಅವುಗಳ ಕಾರಣದೊಂದಿಗೆ ಒಂದು ಪಠ್ಯಫೈಲಿನಲ್ಲಿ ಬರೆದು ಜೊತೆಗಿಟ್ಟರೆ ಸಾಕು. ಡಾಸ್‌ಬಾಕ್ಸಿನ ಕಾನ್ಫಿಗರೇಶನ್ ಫೈಲಿನಲ್ಲಿ ಈ ಬಹುಪಾಲು ಅಂಕಿಗಳು ಈಗಾಗಲೇ ಇರುತ್ತವೆ, ಇಲ್ಲದಿರುವುದು ಕಾರಣ.

ಕನ್ನಡಿಗರಿಗೆ ಇದರಲ್ಲಿ ಒಂದು ನೇರ ಬಾಧ್ಯತೆಯೂ ಇದೆ. ಡಾಸ್ ಕಾಲದಲ್ಲಿ ಪಿಸಿಯ ಪಠ್ಯಪರದೆಯ ಮೇಲೆ ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳನ್ನು ಮೂಡಿಸಿದ್ದು ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡ್. ಡಾಸ್‌ಬಾಕ್ಸ್ ಆಡ್‌ಲಿಬ್‌ನ ಒಂಬತ್ತು ದನಿಗಳನ್ನು ಅಷ್ಟು ಚೆನ್ನಾಗಿ ನುಡಿಸುತ್ತದೆ. ಅದರ ಕವಲಾದ ಡಾಸ್‌ಬಾಕ್ಸ್-ಎಕ್ಸ್ ಜಪಾನಿನ ಪಿಸಿ-98 ಯಂತ್ರವನ್ನೂ ಜಪಾನಿ ಲಿಪಿಯ ಡಾಸ್ ಪರದೆಯನ್ನೂ ಅನುಕರಿಸುತ್ತದೆ. ಜಿಸ್ಟ್ ಕಾರ್ಡಿಗೆ ಎರಡರಲ್ಲೂ ಜಾಗವಿಲ್ಲ. ಆ ಕಾರ್ಡನ್ನು ನೆಚ್ಚಿ ಕನ್ನಡದಲ್ಲಿ ಕೆಲಸ ಮಾಡಿದ ಪ್ರೋಗ್ರಾಮಿನ ಫ್ಲಾಪಿ ಇಂದು ಸಿಕ್ಕರೂ, ಫೈಲು ತೆರೆದೀತು, ಕನ್ನಡ ಮೂಡದು. ಕಾರ್ಡಿನ ರಾಮ್ (ROM) ಚಿಪ್‌ನಲ್ಲಿರುವ ಅಕ್ಷರರೂಪಗಳನ್ನು ಓದಿ ಉಳಿಸುವುದು, ಭಾರತೀಯ ಲಿಪಿಗಳ ಇಸ್ಕಿ (ISCII) ಸಂಕೇತ ಬಂದಾಗ ಒತ್ತಕ್ಷರವನ್ನು ಅದು ಹೇಗೆ ಕೂಡಿಸುತ್ತಿತ್ತೆಂದು ಪರೀಕ್ಷಿಸಿ ಬರೆದಿಡುವುದು, ಕೆಲಸ ಮಾಡುವ ಕಾರ್ಡುಗಳು ಸಿಗುವಾಗಲೇ ಆಗಬೇಕಾದ ಕೆಲಸ. ವಿಶ್ವವಿದ್ಯಾಲಯಗಳ ಕನ್ನಡ ಮತ್ತು ಕಂಪ್ಯೂಟರ್ ವಿಭಾಗಗಳು ಕೂಡಿ ಇದನ್ನು ಕೈಗೆತ್ತಿಕೊಳ್ಳಬಹುದು. ಡಾಸ್‌ಬಾಕ್ಸಿನ ಸೋರ್ಸ್ ಕೋಡ್ ಮುಕ್ತವಾಗಿರುವುದರಿಂದ ಸೇರಿಸಲು ಯಾರ ಅಪ್ಪಣೆಯೂ ಬೇಕಿಲ್ಲ.