ಇಂದ್ರಜಾಲದ ವೀರರೂ ಮುಂಬಯಿಯ ಕನ್ನಡ ವಾಚಕರೂ

ಮಕ್ಕಳು ಓದಿ ಬಿಸುಟ ಪುಸ್ತಕಗಳು ಸಾಹಿತ್ಯಚರಿತ್ರೆಯ ಲೆಕ್ಕಕ್ಕೆ ಬರುವುದು ಅಪರೂಪ. ಶಾಸನಗಳ ತಿಥಿಯನ್ನು ಕುರಿತು ಪುಟಗಟ್ಟಲೆ ಚರ್ಚಿಸುವ ನಾವು, ಬಾಲ್ಯದಲ್ಲಿ ನಮಗೆ ಕನ್ನಡವನ್ನು ತಡವರಿಸದೆ ಓದುವ ಅಭ್ಯಾಸ ಮಾಡಿಸಿದ ಬಣ್ಣದ ಹೊತ್ತಗೆಗಳನ್ನು ಯಾರು ಕನ್ನಡಿಸಿದರೆಂದು ಕೇಳಿದವರಲ್ಲ. ಘೋಡಬಂದರ್ ರಸ್ತೆಯ ಎತ್ತರದ ಕಟ್ಟಡಗಳಲ್ಲಿ ಈಗ ನೆಲಸಿರುವ ಕನ್ನಡಿಗರಲ್ಲಿ ಅರುವತ್ತು ದಾಟಿದ ನಾಲ್ವರು ಒಂದೆಡೆ ಕೂಡಿದರೆ ಮಾತು ಹೇಗೋ ‘ಇಂದ್ರಜಾಲ ಕಾಮಿಕ್ಸ್’ನತ್ತ ಹೊರಳುತ್ತದೆ. ಕೋಟೆಯ ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತವರು, ಮಾಟುಂಗ-ಸಾಯನ್‌ಗಳ ಒಂದು ಕೋಣೆಯ ಬಿಡಾರಗಳಲ್ಲಿ ಬೆಳೆದವರು, ಊರಿನಲ್ಲೇ ಓದಿ ಅನಂತರ ಇತ್ತ ಬಂದವರು, ಇವರೆಲ್ಲರಿಗೂ ಫ್ಯಾಂಟಮನ ಕಪಾಲಮುದ್ರೆಯ ಉಂಗುರ ಯಾವ ಕೈಯದು, ಅವನ ತೋಳಕ್ಕೂ ಕುದುರೆಗೂ ಹೆಸರೇನು ಎಂಬುದು ಇನ್ನೂ ನಾಲಗೆಯ ತುದಿಯಲ್ಲಿದೆ. ಆದರೆ ಆ ಕಥೆಗಳ ಕನ್ನಡ ಹೇಗಿದ್ದಿತೆಂದು ಕೇಳಿದೊಡನೆ ಮಾತು ಇಂಗ್ಲಿಷಿಗೂ ಹಿಂದಿಗೂ ಜಾರುತ್ತದೆ. ವೀರರು ಉಳಿದರು, ಅವರಾಡಿದ ಕನ್ನಡ ಅಳಿಯಿತು. ಇದು ಏಕೆ ಹೀಗಾಯಿತೆಂಬುದನ್ನು ವಿಚಾರಿಸುವುದು ಈ ಬರಹದ ಉದ್ದೇಶ.

ಈ ಮಾಲೆ ಹುಟ್ಟಿದುದು 1964ರ ಮಾರ್ಚ್ ತಿಂಗಳಲ್ಲಿ. ‘ಟೈಮ್ಸ್ ಆಫ್ ಇಂಡಿಯಾ’ದ ಒಡೆತನವುಳ್ಳ ಬೆನೆಟ್ ಕೋಲ್ಮನ್ ಸಂಸ್ಥೆಯವರು ಮುಂಬಯಿಯಿಂದ ಇದನ್ನು ಹೊರತಂದರು. ಅಮೆರಿಕದ ಲೀ ಫಾಕ್ 1934ರಲ್ಲಿ ಮ್ಯಾಂಡ್ರೇಕನೆಂಬ ಇಂದ್ರಜಾಲಿಗನನ್ನೂ 1936ರಲ್ಲಿ ಫ್ಯಾಂಟಮನನ್ನೂ ದಿನಪತ್ರಿಕೆಗಳ ಚಿತ್ರಪಂಕ್ತಿಗಳಿಗಾಗಿ ಸೃಷ್ಟಿಸಿದ್ದನು. ಮೈಗೆ ಅಂಟಿದ ಉಡುಪು ತೊಟ್ಟು ಮುಖ ಮರೆಸಿಕೊಂಡ ಈ ವೀರ ಸೂಪರ್‌ಮನ್‌ಗಿಂತ ಎರಡು ವರ್ಷ ಹಿರಿಯ. ‘ಇಲಸ್ಟ್ರೇಟೆಡ್ ವೀಕ್ಲಿ’ಯ ವಾಚಕರಿಗೆ ಅವನ ಪರಿಚಯ ಮೊದಲೇ ಇದ್ದಿತು. ಇಂದ್ರಜಾಲ ಮಾಲೆಯ ಮೊದಲ 32 ಸಂಚಿಕೆಗಳಲ್ಲಿ ಅವನೊಬ್ಬನದೇ ರಾಜ್ಯಭಾರ. ಬಳಿಕ ಮ್ಯಾಂಡ್ರೇಕ್, ಫ್ಲ್ಯಾಶ್ ಗಾರ್ಡನ್, ರಿಪ್ ಕರ್ಬಿ, ಬಜ್ ಸಾಯರ್ ಮೊದಲಾದವರು ಸರದಿಯಂತೆ ಬಂದರು. ಇಂಗ್ಲಿಷಿನ ಜೊತೆಗೆ ಹಿಂದಿ, ಮರಾಠಿ, ಗುಜರಾತಿ, ಬಂಗಾಳಿ, ತಮಿಳು, ಮಲಯಾಳ, ಕನ್ನಡಗಳಲ್ಲಿಯೂ ಮಾಲೆ ನಡೆಯಿತು. 1990ರ ಏಪ್ರಿಲಿನಲ್ಲಿ ನಿಲ್ಲುವ ಹೊತ್ತಿಗೆ 800ಕ್ಕೂ ಮಿಕ್ಕ ಸಂಚಿಕೆಗಳಾಗಿದ್ದವು. ಅರ್ಧಕ್ಕೂ ಹೆಚ್ಚು ಫ್ಯಾಂಟಮನವೇ.

ಹೊರದೇಶದ ಕಥೆಯನ್ನು ಇಲ್ಲಿಯ ಮಕ್ಕಳ ಕೈಗಿಡುವ ಮುನ್ನ ಸಂಪಾದಕರು ಕೆಲವೆಡೆ ಕತ್ತರಿ ಆಡಿಸಿದರು. ಫಾಕನ ಮೂಲದಲ್ಲಿ ಫ್ಯಾಂಟಮನ ನಾಡು ಬಂಗಾಳವನ್ನು ನೆನಪಿಸುವ ‘ಬಂಗಾಲ್ಲ’. ಭಾರತದ ಮುದ್ರಣದಲ್ಲಿ ಅದು ‘ಡೆಂಕಾಲಿ’ ಆಯಿತು. ಅವನ ಕುಲವೈರಿಗಳಾದ ‘ಸಿಂಗ್’ ಕಡಲ್ಗಳ್ಳರು ‘ಸಿಂಗಾ’ಗಳಾದರು. ಅವನ ತಂದೆಯನ್ನು ಕೊಂದ ‘ರಾಮ’ ಎಂಬಾತ ‘ರಾಮಲು’ ಎನಿಸಿಕೊಂಡನು. ರಾಮನೆಂಬ ಕೊಲೆಗಡುಕನನ್ನು ಈ ದೇಶದ ಮನೆಗಳೊಳಕ್ಕೆ ಕಳುಹಿಸುವುದು ಸಾಧ್ಯವಿರಲಿಲ್ಲವಷ್ಟೆ. ಆದರೂ ಒಂದು ಹೆಸರು ಹಾಗೆಯೇ ಉಳಿಯಿತು. ಫ್ಯಾಂಟಮನನ್ನು ಕಾಯುವ ಕುಬ್ಜ ಕಾಡುಜನರನ್ನು ಫಾಕ್ ‘ಬಂದರ್’ ಎಂದು ಕರೆದಿದ್ದನು. ನಮ್ಮ ಕರಾವಳಿಯವನಿಗೆ ಬಂದರೆಂದರೆ ಹಡಗು ತಂಗುವ ಕಟ್ಟೆ, ಹಿಂದಿಯವನಿಗೆ ಕೋತಿ. ಕಾಡಿನ ಜನರಿಗೆ ಕೋತಿಯ ಹೆಸರಿಟ್ಟುದನ್ನು ಅಂದು ಓದಿ ನಕ್ಕವರೇ ಹೆಚ್ಚು.

ಘೋಡಬಂದರಿನ ‘ಬಂದರ್’ ನಮ್ಮ ಬಂದರವೇ. ಅರಬರೊಡನೆ ಪೋರ್ತುಗೀಜರು ಕುದುರೆಯ ವ್ಯಾಪಾರ ನಡೆಸಿದ ಸ್ಥಳವಾದುದರಿಂದ ಈ ಹೆಸರು ಬಂತೆಂದು ಹೇಳುತ್ತಾರೆ. ಅವರ ಕೋಟೆ ಇಂದಿಗೂ ಖಾಡಿಯ ಅಂಚಿನಲ್ಲಿದೆ. ಫಾಕನ ಕಥೆಯಂತೆ ಮೊದಲ ಫ್ಯಾಂಟಮನು 1536ರಲ್ಲಿ ಕಡಲ್ಗಳ್ಳರಿಂದ ಹಡಗನ್ನೂ ತಂದೆಯನ್ನೂ ಕಳೆದುಕೊಂಡು ದಡ ಸೇರಿದ ಬಿಳಿಯ ತರುಣ. ಹಂತಕನ ತಲೆಬುರುಡೆಯ ಮುಂದೆ ಅವನು ತೊಟ್ಟ ಪ್ರತಿಜ್ಞೆ ತಂದೆಯಿಂದ ಮಗನಿಗೆ ಇಳಿದು ಇಪ್ಪತ್ತೊಂದನೆಯವನವರೆಗೆ ಬಂದಿತು. ಸಾವಿಲ್ಲದ ಒಬ್ಬನೇ ಮನುಷ್ಯನೆಂದು ಕಾಡಿನವರು ನಂಬಿದರು. ಇತ್ತ ನಿಜವಾದ ಚರಿತ್ರೆಯಲ್ಲಿ ಗುಜರಾತಿನ ಸುಲ್ತಾನ ಬಹಾದೂರ್ ಷಹನು ವಸಾಯಿಯನ್ನು ಪೋರ್ತುಗೀಜರಿಗೆ ಬಿಟ್ಟುಕೊಟ್ಟುದು 1534ರ ಡಿಸೆಂಬರಿನಲ್ಲಿ. ಎರಡು ವರ್ಷಗಳ ಅಂತರ ಮಾತ್ರ. ಕಥೆಯ ಬಿಳಿಯನು ಗುಹೆಯನ್ನು ಹಿಡಿದು ಕಾಡಿನ ಶಾಂತಿ ಕಾಯ್ದನು. ಚರಿತ್ರೆಯ ಬಿಳಿಯನು ಕೋಟೆ ಕಟ್ಟಿ ಸುಂಕ ವಸೂಲು ಮಾಡಿದನು. ಇದೇ ಖಾಡಿಯ ನೆರೆಯಲ್ಲಿ ವಾಸಿಸುವ ವಾಚಕರು ಈ ಎರಡು ತಾರೀಖುಗಳನ್ನು ಜೊತೆಯಾಗಿ ಇಟ್ಟು ನೋಡಬೇಕಾದುದು ಉಚಿತ. ರಸ್ತೆಯ ಇನ್ನೊಂದು ಮಗ್ಗುಲಿಗೆ ಯೇವೂರಿನ ಗುಡ್ಡಗಳಲ್ಲಿ ವಾರಲಿ ಜನರಿದ್ದಾರೆ. ಡೆಂಕಾಲಿಯ ಕಾಡುಕುಲಗಳ ಹೆಸರನ್ನು ಒಂದೊಂದಾಗಿ ಹೇಳಬಲ್ಲ ನಮ್ಮವರಲ್ಲಿ ಈ ಗುಡ್ಡದ ಪಾಡಾಗಳ ಹೆಸರು ಬಲ್ಲವರು ವಿರಳ.

ಇನ್ನು ಕನ್ನಡದ ಮಾತು. ಹಿಂದಿ-ಮರಾಠಿಗಳಲ್ಲಿ ಫ್ಯಾಂಟಮನಿಗೆ ‘ವೇತಾಳ’ನೆಂದೂ ಬಂಗಾಳಿಯಲ್ಲಿ ‘ಅರಣ್ಯದೇವ’ನೆಂದೂ ಹೆಸರಾಯಿತು. ಬಂಗಾಳಿಯ ಹೆಸರು ಅವನನ್ನು ವನದೇವತೆಯಾಗಿ ಮಾಡಿತು. ವೇತಾಳನೆಂದೊಡನೆ ‘ಚಂದಮಾಮ’ ಓದಿದ ಕನ್ನಡ ಬಾಲಕನ ಕಣ್ಣಮುಂದೆ ನಿಲ್ಲುವುದು ವಿಕ್ರಮನ ಹೆಗಲ ಮೇಲಿನ ಹೆಣ, ಅದರೊಳಗಿನಿಂದ ಒಗಟು ಹೇಳುವ ಬೇತಾಳ. ಮುಖವಾಡದ ಅಶ್ವಾರೋಹಿಗೂ ಅದಕ್ಕೂ ಏನು ಸಂಬಂಧ? ಇನ್ನು ಇಂಗ್ಲಿಷಿನಲ್ಲಿ ಅವನಿಗಿರುವ ಬಿರುದಿನ ಅರ್ಥ ‘ನಡೆದಾಡುವ ಭೂತ’ ಎಂದಾಗುತ್ತದೆ. ಧಾರವಾಡದವನಿಗೋ ಮೈಸೂರಿನವನಿಗೋ ಭೂತವೆಂದರೆ ಹೆದರಿಸುವ ಪಿಶಾಚಿ. ಮುಂಬಯಿಯ ಕನ್ನಡ ಸಮಾಜದಲ್ಲಿ ದೊಡ್ಡ ಪಾಲಾದ ತುಳುನಾಡಿನವರಿಗೆ ಹಾಗಲ್ಲ. ಅವರಿಗೆ ಭೂತವೆಂದರೆ ದೈವ; ಊರಿನ ಎಲ್ಲೆಯನ್ನು ಕಾಯುವುದು, ಬಣ್ಣ ಹಚ್ಚಿ ಮೊಗ ಧರಿಸಿ ವರ್ಷಕ್ಕೊಮ್ಮೆ ಜನರೆದುರು ನಿಲ್ಲುವುದು, ಬೇಲಿಯ ಜಗಳದಿಂದ ಆಸ್ತಿಯ ತಕರಾರಿನವರೆಗೆ ನ್ಯಾಯ ಹೇಳುವುದು. ಅದರ ಸೇವೆಯ ಹಕ್ಕು ವಂಶಪರಂಪರೆಯಿಂದ ಬರುವುದು, ಅದರ ಮುಂದೆ ಮಾಡಿದ ಪ್ರಮಾಣ ತಪ್ಪಲಾಗದು. ನೇಮಕ್ಕೆಂದು ವರ್ಷಕ್ಕೊಮ್ಮೆ ರಜೆ ಪಡೆದು ಊರಿಗೆ ಹೋಗುವ ಮನೆಯ ಹುಡುಗನಿಗೆ, ಮೊಗ ಧರಿಸಿ ಪ್ರಮಾಣವನ್ನು ಪಾಲಿಸುತ್ತ ತಲೆಮಾರುಗಳಿಂದ ಕಾಡಿನ ನ್ಯಾಯ ತೀರಿಸುವ ಈ ನಾಯಕನು ಅಪರಿಚಿತನಾಗಿ ಕಂಡಿರಲಾರನು. ಆ ಕಥೆಗಳ ಮೇಲೆ ನಮ್ಮವರಿಗೆ ಇದ್ದ ಅಕ್ಕರೆಗೆ ಇದೇ ಒಂದು ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

ಆದರೆ ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾದೀತು. ಕೋಲದಲ್ಲಿ ದೈವ ಮೈದುಂಬುವುದು ನಲಿಕೆ, ಪರವ, ಪಂಬದ ಮೊದಲಾದ ಸಮುದಾಯಗಳವರ ಮೈಯಲ್ಲಿ. ವರ್ಷವೆಲ್ಲ ಅಂಗಳದಾಚೆ ನಿಲ್ಲಬೇಕಾಗಿದ್ದವನು ಆ ಒಂದು ರಾತ್ರಿ ಗುತ್ತಿನ ಯಜಮಾನನನ್ನು ಹೆಸರು ಹಿಡಿದು ಕರೆದು ಪ್ರಶ್ನಿಸುತ್ತಾನೆ. ಯಜಮಾನ ಕೈಮುಗಿದು ಉತ್ತರ ಕೊಡಬೇಕು. ಮರುದಿನ ಹಳೆಯ ಕಟ್ಟಳೆಯೇ ಮರಳುತ್ತಿತ್ತೆಂಬುದು ನಿಜ. ಆದರೂ ನ್ಯಾಯದ ನುಡಿ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಫ್ಯಾಂಟಮನ ಕಾಡಿನಲ್ಲಿ ನುಡಿ ಮೇಲಿನಿಂದ ಇಳಿಯುತ್ತದೆ. ಹೊರಗಿನಿಂದ ಬಂದ ಬಿಳಿಯನೇ ಮೊಗ ಧರಿಸುವವನು, ಅವನೇ ತೀರ್ಪುಗಾರ, ಕಪಾಲಸಿಂಹಾಸನವೂ ಅವನದೇ. ಕಾಡಿನವರು ನಾಲ್ಕುನೂರು ವರ್ಷ ಅವನ ಸಾವನ್ನು ಕಾಣದವರಾಗಿ, ನಂಬುವವರಾಗಿ ಮಾತ್ರ ಇರುತ್ತಾರೆ. ಮೊಗದ ಹಿಂದೆ ಯಾರಿದ್ದಾನೆಂಬುದನ್ನು ಬಲ್ಲವರು ನಾಯಕ ಗುರಾನನ ಬಂದರ್ ಜನರಂಥ ಕೆಲವರು ಮಾತ್ರ. ನಮ್ಮ ಅಂಗಳದಲ್ಲಿ ಹಾಗಿಲ್ಲ. ಮೊಗದ ಹಿಂದೆ ಇರುವಾತನ ಮನೆ, ಕುಲ, ಹೆಸರು ಊರಿಗೆಲ್ಲ ಗೊತ್ತು. ಗೊತ್ತಿದ್ದೂ ದೈವವೆಂದು ನಂಬುತ್ತಾರೆ. ಅಲ್ಲಿ ನಂಬಿಕೆಗೆ ಅಜ್ಞಾನ ಆಧಾರ, ಇಲ್ಲಿ ಒಪ್ಪಂದ ಆಧಾರ. ಹಳೆಯ ಸಂಚಿಕೆಗಳನ್ನು ನೆನೆದು ಸಂತೋಷಪಡುವವರು ಈ ವ್ಯತ್ಯಾಸವನ್ನೂ ಗಮನಿಸಿದರೆ ಅವರ ಸಂತೋಷಕ್ಕೆ ಭಂಗವೇನೂ ಬಾರದು.

ಫಾಕನು ಕಾಲದ ಕರೆಗೆ ಕಿವುಡನಾಗಿದ್ದನೆಂದು ಹೇಳಲಾಗದು. ಆಫ್ರಿಕದ ದೇಶಗಳು ಸ್ವತಂತ್ರವಾಗುತ್ತ ಬಂದಂತೆ ಅವನ ಕಾಲ್ಪನಿಕ ನಾಡಿಗೂ ಡಾಕ್ಟರ್ ಲುವಾಗಾ ಎಂಬ ಕರಿಯ ಅಧ್ಯಕ್ಷನು ಬಂದನು. ಮ್ಯಾಂಡ್ರೇಕನ ಸಂಗಾತಿ ಲೋಥಾರನು ಆರಂಭದಲ್ಲಿ ಚಿರತೆಯ ತೊಗಲುಟ್ಟು ಮುರುಕು ಇಂಗ್ಲಿಷು ಆಡುವ ಸೇವಕ. 1965ರಲ್ಲಿ ಫ್ರೆಡ್ ಫ್ರೆಡರಿಕ್ಸ್ ಚಿತ್ರಕಾರನಾಗಿ ಬಂದ ಮೇಲೆ ಅವನು ಸಭ್ಯ ಉಡುಪಿನ, ನೇರ ಮಾತಿನ ಮಿತ್ರನಾದನು. 1977ರ ಡಿಸೆಂಬರಿನಲ್ಲಿ ಫ್ಯಾಂಟಮನಿಗೂ ಡಯಾನಾಳಿಗೂ ಮದುವೆಯಾದಾಗ ಮ್ಯಾಂಡ್ರೇಕನೂ ಲೋಥಾರನೂ ಅತಿಥಿಗಳಾಗಿ ಬಂದುದನ್ನು ಆ ಸಂಚಿಕೆ ಓದಿದವರು ಮರೆತಿಲ್ಲ. ಬೇರೆ ಬೇರೆ ಕಥೆಗಳ ವೀರರು ಒಂದೇ ಪುಟದಲ್ಲಿ ಕೂಡಿದರೆ ಬಾಲಕನಿಗಾಗುವ ಹಿಗ್ಗು, ಯಕ್ಷಗಾನದ ಜೋಡಾಟ ನೋಡಿದವನಿಗೆ ಆಗುವಂಥದು. 1986ರಲ್ಲಿ ಅಮೆರಿಕದ ದೂರದರ್ಶನದವರು ಫ್ಯಾಂಟಮ್, ಮ್ಯಾಂಡ್ರೇಕ್, ಲೋಥಾರ್, ಫ್ಲ್ಯಾಶ್ ಗಾರ್ಡನ್ ನಾಲ್ವರನ್ನೂ ಸೇರಿಸಿ ಭೂಮಿಯನ್ನು ಕಾಯುವ ಒಂದು ದಂಡನ್ನೇ ಕಟ್ಟಿ ಚಲಿಸುವ ಚಿತ್ರಮಾಲೆಯಾಗಿ ತೋರಿಸಿದರು. ಇಲ್ಲಿಯ ಮಕ್ಕಳು ಆ ದಂಡನ್ನು ತಮ್ಮ ಆಟಗಳಲ್ಲಿ ಅದಕ್ಕೂ ಹಿಂದೆಯೇ ಕಟ್ಟಿದ್ದರು.

ಆದರೆ ನಿಜವಾದ ಅರ್ಥದಲ್ಲಿ ದಳವೆನ್ನಬಹುದಾದುದು ಈ ಮಾಲೆಯಲ್ಲಿ ಬಂದುದು ಬಹಾದುರನ ಕಥೆಗಳಿಂದ. 1976ರಲ್ಲಿ ಆಬಿದ್ ಸುರತಿಯವರು ಈ ಪಾತ್ರವನ್ನು ರಚಿಸಿದರು; ಗೋವಿಂದ ಬ್ರಹ್ಮಾನಿಯಾ ಚಿತ್ರ ಬರೆದರು; ಮುಂದೆ ಜಗಜಿತ್ ಉಪ್ಪಲ್ ಕಥೆಗಳನ್ನು ಮುಂದುವರಿಸಿದರು. ಬಹಾದುರನು ಪೊಲೀಸರ ಗುಂಡಿಗೆ ಬಲಿಯಾದ ದರೋಡೆಗಾರನೊಬ್ಬನ ಮಗ. ಅವನನ್ನು ಸಾಕಿ ಬೆಳೆಸಿದವನು ತಂದೆಯನ್ನು ಹೊಡೆದ ಅಧಿಕಾರಿಯೇ. ಚಂಬಲ್ ಕಣಿವೆಯ ದರೋಡೆಗಾರರು ಜಯಪ್ರಕಾಶ ನಾರಾಯಣರೆದುರು ಶಸ್ತ್ರಗಳನ್ನಿಟ್ಟುದು 1972ರಲ್ಲಿ. ಆ ವಾರ್ತೆ ಜನರ ಮನಸ್ಸಿನಲ್ಲಿ ಹಸಿಯಾಗಿದ್ದ ಕಾಲವಿದು. ಬಹಾದುರನಿಗೆ ಮೊಗವಿಲ್ಲ, ಮಂತ್ರವಿಲ್ಲ, ನಾಲ್ಕುನೂರು ವರ್ಷದ ವಂಶಾವಳಿಯಿಲ್ಲ. ಕೇಸರಿ ಜುಬ್ಬವನ್ನೂ ಜೀನ್ಸನ್ನೂ ತೊಟ್ಟ ಅವನು ಹಳ್ಳಿಯವರನ್ನು ಕೂಡಿಸಿ ‘ನಾಗರಿಕ ಸುರಕ್ಷಾ ದಳ’ವನ್ನು ಕಟ್ಟಿದನು. ಆ ದಳದಲ್ಲಿ ರೈತರಿದ್ದರು, ಹಳ್ಳಿಯ ಹಿರಿಯರಿದ್ದರು, ಹೊಡೆದಾಟದ ವಿದ್ಯೆ ಕಲಿತ ಬೇಲಾ ಎಂಬ ತರುಣಿ ಇದ್ದಳು. ಡಯಾನಾಳಂತೆ ಕಾಯುತ್ತ ಕೂಡುವವಳಲ್ಲ ಈಕೆ. ತುರ್ತುಪರಿಸ್ಥಿತಿಯ ದಿನಗಳಲ್ಲಿ, ಪ್ರಜೆಗಳು ತಾವೇ ಸಂಘಟಿತರಾಗಿ ತಮ್ಮ ಊರನ್ನು ಕಾಯಬಲ್ಲರೆಂಬ ಕಥೆ ಮಕ್ಕಳ ಪುಸ್ತಕದಲ್ಲಿ ಬಂದಿತೆಂಬುದನ್ನು ಚರಿತ್ರಕಾರನು ಗುರುತಿಸಬೇಕು. ಕಲೆಯ ದೃಷ್ಟಿಯಿಂದ ಬಹಾದುರನ ಚಿತ್ರಗಳು ಸೈ ಬ್ಯಾರಿ ಬರೆದ ಫ್ಯಾಂಟಮನಿಗೆ ಸಾಟಿಯಲ್ಲವೆಂಬುದನ್ನು ಒಪ್ಪಬೇಕಾಗುತ್ತದೆ. ಪರವೂರಿನಲ್ಲಿ ಸಂಘ ಕಟ್ಟಿ, ವಂತಿಗೆ ಎತ್ತಿ, ರಾತ್ರಿಶಾಲೆ ನಡೆಸಿದ ಜನರ ಮಕ್ಕಳಿಗೆ ಮಾತ್ರ ಈ ದಳದ ವಿಚಾರ ಹೆಚ್ಚು ಹತ್ತಿರದ್ದು. ಹೀಗಿದ್ದೂ ನಮ್ಮ ಹಿರಿಯರ ನೆನಪಿನ ಸಭೆಗಳಲ್ಲಿ ಬಹಾದುರನ ಸರದಿ ಬರುವುದು ಕಟ್ಟಕಡೆಗೆ.

ಕನ್ನಡಕ್ಕೆ ಬಂದ ಗತಿಯೂ ಹೀಗೆಯೇ. ಉಳ್ಳವರ ಮನೆಯಲ್ಲಿ ಇಂಗ್ಲಿಷ್ ಸಂಚಿಕೆಗಳನ್ನು ರಟ್ಟು ಕಟ್ಟಿಸಿ ಇಟ್ಟರು. ಇಂದು ಸಂಗ್ರಾಹಕರು ಬೆಲೆ ಕೊಟ್ಟು ಕೊಳ್ಳುವುದೂ ಹೆಚ್ಚಾಗಿ ಅವನ್ನೇ. ಕನ್ನಡದ ಪ್ರತಿ ಕೈಯಿಂದ ಕೈಗೆ ದಾಟಿ, ಹೋಟೆಲಿನ ಅಟ್ಟದ ಮೇಲೆ ಮಡಿಚಿ ಓದಲ್ಪಟ್ಟು, ಕೊನೆಗೆ ರದ್ದಿಯವನ ತಕ್ಕಡಿ ಸೇರಿತು. ಚಿಕ್ಕ ಕೋಣೆಯಿಂದ ಠಾಣೆಗೋ ಡೊಂಬಿವಲಿಗೋ ಬಿಡಾರ ಬದಲಾಯಿಸುವಾಗ ಮೊದಲು ಬಿಟ್ಟುಬಂದುದು ಇಂಥದನ್ನೇ. ಬಹಳ ಓದಿದ ಪುಸ್ತಕವೇ ಬೇಗ ನಾಶವಾಗುತ್ತದೆ.

ಇದಕ್ಕೆ ಸಮೀಪದ ಇನ್ನೊಂದು ಉದಾಹರಣೆಯಿದೆ. 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿ ಬಾಲ್ಯದಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು ಹನ್ನೆರಡನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದ ಅನಂತ ಪೈಯವರು ಇಂದ್ರಜಾಲ ಮಾಲೆಯ ಆರಂಭದ ದಿನಗಳಲ್ಲಿ ಅದರ ಕೆಲಸದಲ್ಲಿದ್ದರು. 1967ರಲ್ಲಿ ಅದನ್ನು ಬಿಟ್ಟು ಇಂಡಿಯಾ ಬುಕ್ ಹೌಸಿನ ಮೂಲಕ ‘ಅಮರ ಚಿತ್ರಕಥಾ’ವನ್ನು ಬೆಳೆಸಿದರು. ದೇಶವೆಲ್ಲ ಬಲ್ಲ ಆ ಮಾಲೆಯ ‘ಕೃಷ್ಣ’ ಸಂಚಿಕೆಯ ಮೇಲೆ 11 ಎಂಬ ಸಂಖ್ಯೆ ಇದೆ. ಹಿಂದಿನ ಹತ್ತು ಸಂಖ್ಯೆಗಳು ಸಿಂಡ್ರೆಲಾ ಮೊದಲಾದ ಪಾಶ್ಚಾತ್ಯ ಕಥೆಗಳು. ಅದೇ ಪ್ರಕಾಶನದ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಂ ಅವರು, ಈ ಮಾಲೆ ಮೊದಲು ಆರಂಭವಾದುದು 1965ರಲ್ಲಿ ಬೆಂಗಳೂರಿನಲ್ಲಿ, ಕನ್ನಡದಲ್ಲಿ ಎಂದು ಹೇಳಿರುವುದು ಪ್ರಕಟವಾಗಿದೆ. ಹನ್ನೊಂದನೆಯದರಿಂದ ಲೆಕ್ಕ ಆರಂಭಿಸುವ ಅಭಿಮಾನಿಗಳು ಆ ಹತ್ತು ಕನ್ನಡ ಹೊತ್ತಗೆಗಳನ್ನು ಕೇಳುವುದಿಲ್ಲ.

ನಮ್ಮ ಸಂಘಗಳ ಗ್ರಂಥಾಲಯಗಳಲ್ಲಿ ಕಾದಂಬರಿಗೂ ಕಾವ್ಯಕ್ಕೂ ಕಪಾಟುಗಳಿವೆ. ಚಿತ್ರಕಥೆಗೆ ಒಂದು ಹಲಗೆಯನ್ನು ಬಿಟ್ಟುಕೊಟ್ಟರೆ ಸಾಕು. ಕನ್ನಡ ಇಂದ್ರಜಾಲದ ಒಂದು ಪ್ರತಿ, ಮುಖಪುಟ ಹರಿದುದಾದರೂ, ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಸಿಕ್ಕಿದರೆ ಮೊದಲು ಒಳಪುಟದ ಮುದ್ರಣ ವಿವರವನ್ನೂ ಸಂಖ್ಯೆಯನ್ನೂ ತಾರೀಖನ್ನೂ ಬರೆದುಕೊಳ್ಳಬೇಕು. ಬಳಿಕ ಕಪಾಲಗುಹೆಯ ಪ್ರತಿಜ್ಞೆಯ ಮಾತುಗಳು ಕನ್ನಡದಲ್ಲಿ ಹೇಗಿವೆಯೆಂದು ನೋಡಬೇಕು. ಆ ಕನ್ನಡವನ್ನು ಬರೆದ ಕೈ ಮುಂಬಯಿಯ ಯಾವುದೋ ಕಚೇರಿಯಲ್ಲಿ ಅಥವಾ ಬಾಡಿಗೆಯ ಕೋಣೆಯಲ್ಲಿ, ಚಿತ್ರದೊಳಗಿನ ಬಿಳಿಯ ಗುಳ್ಳೆಯಲ್ಲಿ ಹಿಡಿಸುವಷ್ಟು ಚಿಕ್ಕ ವಾಕ್ಯಗಳನ್ನು ಹುಡುಕುತ್ತ ಕುಳಿತಿದ್ದವನದು. ಆಗ ಆತನಿಗೆ ಮೂವತ್ತು ವರ್ಷವಿದ್ದಿದ್ದರೆ ಇಂದು ತೊಂಬತ್ತರ ಆಸುಪಾಸು.