ಸುತ್ತಿನಿಂದ ಮಿಲಿಲೀಟರಿಗೆ: ಮಕ್ಕಳ ದ್ರವೌಷಧದ ಅಳತೆಯ ಚರಿತ್ರೆ

ಮಕ್ಕಳಿಗೆ ಔಷಧ ಕುಡಿಸುವ ಪದ್ಧತಿಯ ಚರಿತ್ರೆಯು ಬಹುಮಟ್ಟಿಗೆ ಅಳತೆಯ ಚರಿತ್ರೆಯಾಗಿದೆ. ದೊಡ್ಡವರ ದೇಹ ತಾಳಿಕೊಳ್ಳುವಷ್ಟು ಹೆಚ್ಚುಕಡಿಮೆಯನ್ನು ಎಳೆಯ ಮಗುವಿನ ಯಕೃತ್ತಾಗಲಿ ಮೂತ್ರಪಿಂಡಗಳಾಗಲಿ ತಾಳಲಾರವು. ಆದ್ದರಿಂದ ಯಾವ ಔಷಧ ಎಂಬ ಪ್ರಶ್ನೆಯ ಜೊತೆಗೇ ಎಷ್ಟು, ಯಾವುದರಲ್ಲಿ ಬೆರೆಸಿ, ಯಾವ ಸಾಧನದಿಂದ ಎಂಬ ಪ್ರಶ್ನೆಗಳೂ ಎಲ್ಲ ಕಾಲದ ವೈದ್ಯರನ್ನೂ ತಾಯಂದಿರನ್ನೂ ಕಾಡಿವೆ. ಇಂದಿನ ಆ್ಯಂಟಿಬಯಾಟಿಕ್ ಶೀಶೆಯ ಮೇಲೆ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಸೂಚನೆಗಳು ದೀರ್ಘಕಾಲದ ಅನುಭವದಿಂದಲೂ ಕೆಲವು ಘೋರ ದುರಂತಗಳಿಂದಲೂ ಈ ಪ್ರಶ್ನೆಗಳಿಗೆ ದೊರೆತ ಉತ್ತರಗಳಾಗಿವೆ.

ಆಯುರ್ವೇದದಲ್ಲಿ ಮಕ್ಕಳ ಚಿಕಿತ್ಸೆಗೆ ಮೀಸಲಾದ ಶಾಖೆಗೆ ಕೌಮಾರಭೃತ್ಯವೆಂದು ಹೆಸರು. ಈ ಶಾಖೆಯ ಪ್ರಮುಖ ಗ್ರಂಥವಾದ ಕಾಶ್ಯಪ ಸಂಹಿತೆಯು ಹುಟ್ಟಿದ ಶಿಶುವಿಗೆ ವಾಯುವಿಳಂಗದ ಕಾಳಿನಷ್ಟು ಔಷಧವನ್ನು ವಿಧಿಸಿ, ತಿಂಗಳು ತಿಂಗಳಿಗೂ ಅದನ್ನು ಏರಿಸುತ್ತ ಹೋದರೂ ನೆಲ್ಲಿಕಾಯಿಯ ಗಾತ್ರವನ್ನು ಮೀರಬಾರದೆಂಬ ಮಿತಿಯನ್ನು ಹಾಕುತ್ತದೆ. ಮಗು ಬೆಳೆದಂತೆ ಪ್ರಮಾಣವೂ ಬೆಳೆಯಬೇಕು, ಆದರೆ ಅದಕ್ಕೊಂದು ಮೇಲ್ಮಿತಿ ಇರಬೇಕು ಎಂಬ ತಿಳಿವಳಿಕೆ ಇಲ್ಲಿ ಸ್ಪಷ್ಟವಾಗಿದೆ. ಕನ್ನಡ ನಾಡಿನ ಮನೆಗಳಲ್ಲಿ ಇದೇ ತಿಳಿವಳಿಕೆ ಮತ್ತೊಂದು ರೂಪ ಪಡೆಯಿತು. ಬಜೆ, ಜಾಯಿಕಾಯಿ, ಅಳಲೆಕಾಯಿ, ಮಾಚಿಕಾಯಿಗಳನ್ನು ಸಾಣೆಕಲ್ಲಿನ ಮೇಲೆ ನೀರು ಅಥವಾ ಎದೆಹಾಲು ಬಿಟ್ಟು ತೇದು, ಒಂದು ಸುತ್ತು, ಎರಡು ಸುತ್ತು ಎಂದು ಎಣಿಸಿ ಹಾಕುತ್ತಿದ್ದ ಅಜ್ಜಿಯರಿಗೆ ಸುತ್ತೇ ಅಳತೆಯ ಮಾನವಾಗಿತ್ತು. ಹೀಗೆ ತೇದ ಗಂಧವನ್ನು ಬೆಳ್ಳಿಯ ಅಥವಾ ಹಿತ್ತಾಳೆಯ ಒಳಲೆಯಲ್ಲಿ, ಅಂದರೆ ಒಂದು ತುದಿ ಮೂತಿಯಂತೆ ಚಾಚಿಕೊಂಡ ಪುಟ್ಟ ಬಟ್ಟಲಿನಲ್ಲಿ ಕಲಸಿ, ನೀಡಿದ ಕಾಲುಗಳ ಮೇಲೆ ಮಗುವನ್ನು ಮಲಗಿಸಿಕೊಂಡು ಕುಡಿಸುವುದು ರೂಢಿ. ಕೈಯ ಒತ್ತಡ, ಕಲ್ಲಿನ ಒರಟುತನ, ಬೇರಿನ ಹಳತು ಹೊಸತನಗಳಿಗೆ ತಕ್ಕಂತೆ ಸುತ್ತಿನ ಮೌಲ್ಯ ಬದಲಾಗುತ್ತಿತ್ತಾದರೂ, ಎಣಿಸದೆ ಕೊಡಬಾರದು ಎಂಬ ಶಿಸ್ತನ್ನು ಆ ಪದ್ಧತಿ ಮನೆಮನೆಗೂ ಕಲಿಸಿತ್ತು.

ಪಾಶ್ಚಾತ್ಯ ವೈದ್ಯದಲ್ಲಿ ಮಕ್ಕಳ ಪ್ರಮಾಣವನ್ನು ಗಣಿತದ ಸೂತ್ರಕ್ಕೆ ಇಳಿಸಿದವರಲ್ಲಿ ಇಂಗ್ಲೆಂಡಿನ ವೈದ್ಯ ಹಾಗೂ ವಿಜ್ಞಾನಿ ಥಾಮಸ್ ಯಂಗ್ ಮುಖ್ಯನು. ಅವನು 1813ರಲ್ಲಿ ಪ್ರಕಟಿಸಿದ ನಿಯಮದಂತೆ, ಮಗುವಿನ ವಯಸ್ಸನ್ನು ಅದೇ ವಯಸ್ಸಿಗೆ 12 ಕೂಡಿಸಿದ ಸಂಖ್ಯೆಯಿಂದ ಭಾಗಿಸಿದರೆ ದೊಡ್ಡವರ ಪ್ರಮಾಣದ ಎಷ್ಟನೆಯ ಪಾಲು ಕೊಡಬೇಕೆಂಬುದು ತಿಳಿಯುತ್ತದೆ. ಎರಡು ವರ್ಷದ ಮಗುವಿಗೆ ಏಳನೆಯ ಒಂದು ಪಾಲು, ಆರು ವರ್ಷದ ಮಗುವಿಗೆ ಮೂರನೆಯ ಒಂದು ಪಾಲು. ಬ್ರಿಟಿಷರ ಕಾಲದಲ್ಲಿ ಈ ವೈದ್ಯಪದ್ಧತಿಯೊಡನೆ ನಮ್ಮ ಊರುಗಳಿಗೆ ಕಾಂಪೌಂಡರನೂ ಬಂದನು. ವೈದ್ಯರ ಚೀಟಿಯನ್ನು ನೋಡಿ ಮಿಕ್ಸ್‌ಚರ್ ಕಲಸಿ, ಶೀಶೆಯ ಪಕ್ಕಕ್ಕೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಅಂಟಿಸುತ್ತಿದ್ದ ಅವನ ಕೆಲಸದಿಂದಾಗಿ, ಅಕ್ಷರ ಬಾರದ ತಾಯಿಗೂ ಒಂದು ಹೊತ್ತಿಗೆ ಒಂದು ಹಲ್ಲಿನಷ್ಟು ಔಷಧ ಇಳಿಯಬೇಕೆಂಬುದು ಕಣ್ಣಿಗೇ ಕಾಣುತ್ತಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಔಷಧ ತಯಾರಿಕೆಯು ಕಾಂಪೌಂಡರನ ಮೇಜಿನಿಂದ ಕಾರ್ಖಾನೆಗೆ ಸ್ಥಳಾಂತರಗೊಂಡಾಗ ಅಪಾಯದ ಪ್ರಮಾಣವೂ ಹಿಗ್ಗಿತು. ಸೋಂಕುಗಳನ್ನು ಹತ್ತಿಕ್ಕುವ ಸಲ್ಫಾ ಔಷಧಗಳು 1930ರ ದಶಕದಲ್ಲಿ ಬಳಕೆಗೆ ಬಂದವು. ಗುಳಿಗೆ ನುಂಗಲಾರದ ಮಕ್ಕಳಿಗೂ ದ್ರವರೂಪವನ್ನು ಬಯಸುವವರಿಗೂ ಅನುಕೂಲವಾಗಲೆಂದು ಅಮೆರಿಕದ ಟೆನೆಸಿಯ ಮ್ಯಾಸೆಂಗಿಲ್ ಕಂಪನಿ 1937ರಲ್ಲಿ ಸಲ್ಫಾನಿಲಮೈಡನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ಸಿಹಿಯಾದ, ಆದರೆ ಮೂತ್ರಪಿಂಡಗಳಿಗೆ ಮಾರಕವಾದ ದ್ರಾವಕದಲ್ಲಿ ಕರಗಿಸಿ ಮಾರುಕಟ್ಟೆಗೆ ಬಿಟ್ಟಿತು. ಬಣ್ಣ, ರುಚಿ, ಪರಿಮಳಗಳನ್ನು ಪರೀಕ್ಷಿಸಿದವರು ವಿಷವನ್ನು ಪರೀಕ್ಷಿಸಲಿಲ್ಲ, ಅಂದಿನ ಕಾನೂನು ಅದನ್ನು ಕೇಳಿಯೂ ಇರಲಿಲ್ಲ. ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಅನೇಕರು ಗಂಟಲುನೋವಿಗೆಂದು ಅದನ್ನು ಕುಡಿದ ಮಕ್ಕಳು. ಮದ್ಯಸಾರವುಳ್ಳ ಔಷಧಕ್ಕೆ ಸಲ್ಲುವ ಎಲಿಕ್ಸಿರ್ ಎಂಬ ಹೆಸರನ್ನು ಮದ್ಯಸಾರವೇ ಇಲ್ಲದ ಈ ದ್ರವಕ್ಕೆ ಇಟ್ಟ ತಪ್ಪಿಗಾಗಿ ಮಾತ್ರ ಸರ್ಕಾರ ಅದನ್ನು ಮುಟ್ಟುಗೋಲು ಹಾಕಿಕೊಳ್ಳಬೇಕಾಯಿತು. ಮಾರುವ ಮೊದಲು ಔಷಧದ ಸುರಕ್ಷತೆಯನ್ನು ಸಾಬೀತುಪಡಿಸಬೇಕೆಂಬ ಅಮೆರಿಕದ 1938ರ ಕಾಯಿದೆ ಈ ಸಾವುಗಳಿಂದ ಹುಟ್ಟಿತು. ಭಾರತದಲ್ಲಿ 1940ರಲ್ಲೇ ಔಷಧ ಕಾಯಿದೆ ಬಂದಿತಾದರೂ, ಅದೇ ವಿಷವು 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಗ್ಲಿಸರಿನ್ ಮೂಲಕ 14 ಜನರನ್ನೂ, 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ಪಿನ ಮೂಲಕ ಹಲವು ಮಕ್ಕಳನ್ನೂ ಬಲಿ ತೆಗೆದುಕೊಂಡಿತು.

ಪೆನಿಸಿಲಿನ್ನಿನ ಕಥೆಯಲ್ಲಿ ತೊಡಕು ಬೇರೆಯದಾಗಿತ್ತು. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಗುರುತಿಸಿದ ಈ ವಸ್ತುವು ಜಠರದ ಆಮ್ಲದಲ್ಲಿ ನಾಶವಾಗುತ್ತಿದ್ದುದರಿಂದ ಅದನ್ನು ಸೂಜಿಯ ಮೂಲಕವೇ ಕೊಡಬೇಕಿತ್ತು. ಆಮ್ಲಕ್ಕೆ ಜಗ್ಗದ ಪೆನಿಸಿಲಿನ್ ವಿ 1950ರ ದಶಕದಲ್ಲಿ ಆಸ್ಟ್ರಿಯದಲ್ಲಿ ಸಿದ್ಧವಾದ ಬಳಿಕ ಬಾಯಿಯ ಮೂಲಕ ಕೊಡುವ ದಾರಿ ತೆರೆಯಿತು. 1961ರಲ್ಲಿ ಆಂಪಿಸಿಲಿನ್, 1972ರಲ್ಲಿ ಅಮಾಕ್ಸಿಸಿಲಿನ್ ಬ್ರಿಟನ್ನಿನಲ್ಲಿ ಬಳಕೆಗೆ ಬಂದವು. ಭಾರತದಲ್ಲಿ ಇಂತಹ ಔಷಧಗಳನ್ನು ತಯಾರಿಸಲು ಪುಣೆಯ ಬಳಿಯ ಪಿಂಪ್ರಿಯಲ್ಲಿ 1954ರಲ್ಲಿಯೂ ಬೆಂಗಳೂರಿನಲ್ಲಿ 1981ರಲ್ಲಿಯೂ ಸಾರ್ವಜನಿಕ ಕಂಪನಿಗಳು ಸ್ಥಾಪನೆಯಾದವು. ಈ ನಡುವೆ 1959ರ ಸುಮಾರಿಗೆ ಕ್ಲೋರಾಂಫೆನಿಕಾಲ್ ಎಂಬ ಆ್ಯಂಟಿಬಯಾಟಿಕ್ ಪಡೆದ ನವಜಾತ ಶಿಶುಗಳು ಬೂದುಬಣ್ಣಕ್ಕೆ ತಿರುಗಿ ಸತ್ತ ಘಟನೆಗಳು ಅಮೆರಿಕದಲ್ಲಿ ವರದಿಯಾದವು. ಆ ಔಷಧವನ್ನು ಅರಗಿಸಿ ಹೊರಹಾಕುವ ಶಕ್ತಿ ಎಳೆಯ ಯಕೃತ್ತಿಗೆ ಇನ್ನೂ ಬಂದಿರುವುದಿಲ್ಲವೆಂಬುದು ಆಗ ಖಚಿತವಾಯಿತು. ಮಗುವೆಂದರೆ ಕಡಿಮೆ ತೂಕದ ದೊಡ್ಡ ಮನುಷ್ಯನಲ್ಲವೆಂಬ ಪಾಠವನ್ನು ವೈದ್ಯಲೋಕ ಬಹಳ ಬೆಲೆ ತೆತ್ತು ಕಲಿಯಿತು.

ಪೆನಿಸಿಲಿನ್ ಕುಲದ ಔಷಧಗಳು ನೀರಿನಲ್ಲಿ ಹೆಚ್ಚು ದಿನ ಉಳಿಯದೆ ಒಡೆದು ಹೋಗುವುದರಿಂದ, ಶೀಶೆಯಲ್ಲಿ ಒಣಪುಡಿಯನ್ನಷ್ಟೇ ತುಂಬಿ, ಬಳಸುವ ಹೊತ್ತಿಗೆ ನೀರು ಸೇರಿಸುವ ಡ್ರೈ ಸಿರಪ್ ರೂಪುಗೊಂಡಿತು. ಔಷಧ ತಯಾರಿಕೆಯ ಕೊನೆಯ ಹಂತವು ಹೀಗೆ ಮನೆಯ ಅಡುಗೆಮನೆಗೆ ಬಂದು ನಿಂತಿದೆ. ಕುದಿಸಿ ಆರಿಸಿದ ನೀರನ್ನು ಶೀಶೆಯ ಮೇಲಿನ ಗೆರೆಗಿಂತ ಕಡಿಮೆ ಹಾಕಿ ಚೆನ್ನಾಗಿ ಕುಲುಕಿ, ಪುಡಿ ಪೂರ್ತಿ ನೆನೆದು ನೊರೆ ಇಳಿದ ಮೇಲೆ ಮತ್ತೆ ಗೆರೆಯವರೆಗೆ ತುಂಬಬೇಕು. ಗೆರೆಗೆ ಕಡಿಮೆಯಾದರೆ ಔಷಧ ಗಟ್ಟಿಯಾಗುತ್ತದೆ, ಮೀರಿದರೆ ತೆಳುವಾಗುತ್ತದೆ. ಪುಡಿಯು ತಳಕ್ಕೆ ಇಳಿಯುವುದರಿಂದ ಪ್ರತಿ ಸಲವೂ ಕುಲುಕದಿದ್ದರೆ ಮೊದಲ ದಿನಗಳಲ್ಲಿ ಕಡಿಮೆ, ಕೊನೆಯ ದಿನಗಳಲ್ಲಿ ಹೆಚ್ಚು ಔಷಧ ಮಗುವಿನ ಹೊಟ್ಟೆಗೆ ಹೋಗುತ್ತದೆ. ಕಲಸಿದ ಔಷಧದ ಆಯುಸ್ಸು ಸಾಮಾನ್ಯವಾಗಿ ಏಳು ದಿನವಾದ್ದರಿಂದ, ಉಳಿದದ್ದನ್ನು ಮುಂದಿನ ಜ್ವರಕ್ಕೆ ಎತ್ತಿಡುವಂತಿಲ್ಲ.

ಅಳತೆಯ ಸಾಧನವೂ ಇಷ್ಟೇ ನಿಧಾನವಾಗಿ ತಿದ್ದಿಕೊಂಡಿತು. ಮನೆಯ ಚಮಚಗಳು ಒಂದರಂತೆ ಮತ್ತೊಂದು ಇರುವುದಿಲ್ಲವೆಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 1975ರಲ್ಲಿಯೇ ಎಚ್ಚರಿಸಿತು; ಚಮಚದ ಲೆಕ್ಕವನ್ನು ಪೂರ್ತಿ ಕೈಬಿಟ್ಟು ಮಿಲಿಲೀಟರಿನಲ್ಲಿಯೇ ಬರೆಯಬೇಕೆಂದು 2015ರಲ್ಲಿ ಅದೇ ಸಂಸ್ಥೆ ಹೇಳಿತು. ಸೂಜಿಯಿಲ್ಲದ ಸಿರಿಂಜು ಇಂದು ಅತ್ಯಂತ ನಿಖರವಾದ ಸಾಧನವೆನಿಸಿದೆ. ಮಗುವನ್ನು ನೆಟ್ಟಗೆ ಕೂರಿಸಿಕೊಂಡು ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವಾಗಿ ಬಿಡುವ ಕ್ರಮವು, ಮೂಗು ಹಿಡಿದು ಒಳಲೆಯಿಂದ ಒಮ್ಮೆಗೇ ಹುಯ್ಯುವಾಗ ಔಷಧವು ಶ್ವಾಸನಾಳಕ್ಕೆ ಸೇರಬಹುದಾದ ಅಪಾಯವನ್ನು ತಪ್ಪಿಸುತ್ತದೆ. ಸಾಧನದಷ್ಟೇ ಶೀಶೆಯ ಮೇಲಿನ ಸಂಖ್ಯೆಯೂ ಮುಖ್ಯ: ಅಮಾಕ್ಸಿಸಿಲಿನ್ನಿನ 125 ಮಿಲಿಗ್ರಾಂ ಪ್ರಮಾಣವು ಸಾಮಾನ್ಯ ಸಿರಪ್ಪಿನಲ್ಲಿ 5 ಮಿಲಿಲೀಟರ್ ಆದರೆ, ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂ ಇರುವ ಡ್ರಾಪ್ಸಿನಲ್ಲಿ 1.25 ಮಿಲಿಲೀಟರ್ ಮಾತ್ರ. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸನ್ನು ಕೊಟ್ಟರೆ ಮಗುವಿಗೆ ನಾಲ್ಕು ಪಟ್ಟು ಔಷಧ ಹೋಗುತ್ತದೆ.

ಈ ಚರಿತ್ರೆಯುದ್ದಕ್ಕೂ ಔಷಧಗಳು ಬದಲಾದವು, ಕಾನೂನುಗಳು ಬಿಗಿಯಾದವು, ಆದರೆ ಕೊನೆಯ ಅಳತೆಯ ಹೊಣೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡವರ ಕೈಯಲ್ಲಿಯೇ ಉಳಿದಿದೆ. ವೈದ್ಯರು ಬರೆದ ಮಗುವಿಗೆ ಮಾತ್ರ, ಬರೆದ ಹೊತ್ತಿಗೆ, ಬರೆದಷ್ಟು ದಿನ ಔಷಧ ಕೊಡುವುದು, ಮೈಮೇಲೆ ದದ್ದು ಎದ್ದರೆ ನಿಲ್ಲಿಸಿ ವೈದ್ಯರನ್ನು ಕೇಳುವುದು, ಮುಖ ಊದಿಕೊಂಡರೆ ಅಥವಾ ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಧಾವಿಸುವುದು ಆ ಹೊಣೆಯ ಭಾಗಗಳು. ನೀರಿನ ಗೆರೆಯನ್ನೂ ಮಿಲಿಲೀಟರಿನ ಅಂಕಿಯನ್ನೂ ಪ್ರತಿ ಮನೆಯೂ ಓದಿ ಪಾಲಿಸುವಂತಾಗಬೇಕು. ಓದಲಾರದವರಿಗೆ ಔಷಧದಂಗಡಿಯವರು ಮೊದಲ ಪ್ರಮಾಣವನ್ನು ತಾವೇ ಅಳೆದು ತೋರಿಸಿಕೊಡಬೇಕು.